ಹುಲಿಗಿಂತ ಮೊದಲು ಹಲ್ಲಿ

ಒಂದನೆಯ ತರಗತಿಯ ಮಗುವಿನ ಮುಂದೆ ಪ್ರಾಣಿಗಳ ಚಿತ್ರಪಟ ಹರಡಿದರೆ ಝೀಬ್ರಾ, ಜಿರಾಫೆ, ಕಾಂಗರೂ, ಪೆಂಗ್ವಿನ್ ಎಂದು ಪಟಪಟನೆ ಬೆರಳಿಟ್ಟು ತೋರಿಸುತ್ತದೆ. ಈ ನಾಲ್ಕರಲ್ಲಿ ಒಂದೂ ಭಾರತದ ಯಾವ ಕಾಡಿನಲ್ಲೂ ಇಲ್ಲ. ಅದೇ ಮಗುವನ್ನು ಕಿಟಕಿಯ ಬಳಿ ನಿಲ್ಲಿಸಿ, ಎದುರಿನ ವಿದ್ಯುತ್ ತಂತಿಯ ಮೇಲೆ ಕುಳಿತ ಕವಲುಬಾಲದ ಕಪ್ಪು ಹಕ್ಕಿ ಯಾವುದೆಂದು ಕೇಳಿದರೆ ‘ಕಾಗೆ’ ಎಂಬ ಉತ್ತರ ಬರುತ್ತದೆ. ಅದು ಕಾಜಾಣ. ತನ್ನ ಗೂಡಿನ ಹತ್ತಿರ ಸುಳಿದರೆ ಕಾಗೆಯನ್ನಷ್ಟೇ ಅಲ್ಲ, ಹದ್ದನ್ನೂ ಅಟ್ಟಿಸಿಕೊಂಡು ಹೋಗುವ ಗಟ್ಟಿಗ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಅದರ ಅಪ್ಪನನ್ನು ಕೇಳಿದರೂ ಬಹುಶಃ ಅದೇ ಉತ್ತರ.

ಮಕ್ಕಳಿಗೆ ವನ್ಯಜೀವಿಗಳ ಪರಿಚಯ ಮಾಡಿಸಬೇಕೆಂಬ ಆಸೆ ಈಗ ಅನೇಕ ತಂದೆ-ತಾಯಿಯರಿಗಿದೆ. ಆದರೆ ಆ ಪರಿಚಯ ಸಾಮಾನ್ಯವಾಗಿ ಶುರುವಾಗುವುದು ದೂರದ ತುದಿಯಿಂದ. ರಜೆ ಬಂತೆಂದರೆ ಮೃಗಾಲಯ, ಇಲ್ಲವೆ ಬಂಡೀಪುರದ ಸಫಾರಿ. ಹುಲಿ ಕಂಡರೆ ಪ್ರವಾಸ ಸಾರ್ಥಕ, ಕಾಣದಿದ್ದರೆ ಹಣ ದಂಡ. ಜಿಂಕೆಯ ಹಿಂಡು, ಬೊಂಬಾಯಿ ಮಿಠಾಯಿಯಂತೆ ಮಣ್ಣು ಮೆತ್ತಿಕೊಂಡ ಕಾಟಿ, ಹುತ್ತದ ಮೇಲೆ ಕುಳಿತ ನವಿಲು ಇವೆಲ್ಲ ‘ಏನೂ ಕಾಣಲಿಲ್ಲ’ ಎಂಬ ಲೆಕ್ಕಕ್ಕೆ ಸೇರಿಬಿಡುತ್ತವೆ. ಜೀಪಿನಲ್ಲಿ ಕುಳಿತ ಏಳು ವರ್ಷದ ಹುಡುಗ ದೊಡ್ಡವರ ಮುಖದಲ್ಲಿನ ನಿರಾಶೆಯನ್ನು ನೋಡಿ, ಜಿಂಕೆ ನೋಡಲು ಯೋಗ್ಯವಾದ ಪ್ರಾಣಿಯಲ್ಲ ಎಂಬ ಪಾಠ ಕಲಿತು ಹಿಂದಿರುಗುತ್ತಾನೆ.

ಹಾಗೆಂದು ಮೃಗಾಲಯವನ್ನು ತಳ್ಳಿಹಾಕಬೇಕಿಲ್ಲ. 1892ರಲ್ಲಿ ಆರಂಭವಾದ ಮೈಸೂರಿನ ಮೃಗಾಲಯ ಎಷ್ಟೋ ತಲೆಮಾರಿನ ಮಕ್ಕಳಿಗೆ ಆನೆಯನ್ನೂ ಹುಲಿಯನ್ನೂ ಮೊದಲ ಬಾರಿ ತೋರಿಸಿದೆ. ಆದರೆ ಮೂರು ಗಂಟೆಗಳಲ್ಲಿ ಇಡೀ ಮೃಗಾಲಯ ಸುತ್ತಿ ಮುಗಿಸುವುದಕ್ಕಿಂತ ಒಂದೇ ಕಡೆ ಅರ್ಧ ಗಂಟೆ ಕುಳಿತು ಒಂದು ಪ್ರಾಣಿ ಏನು ತಿನ್ನುತ್ತದೆ, ಹೇಗೆ ಮೈ ಕೆರೆದುಕೊಳ್ಳುತ್ತದೆ, ಯಾರ ಜತೆ ಜಗಳವಾಡುತ್ತದೆ ಎಂದು ನೋಡಿದ ಮಗುವಿಗೆ ಸಿಗುವುದು ಹೆಚ್ಚು. ನೋಡುವ ಈ ಅಭ್ಯಾಸ ಮೃಗಾಲಯದಲ್ಲಿ ತಾನಾಗಿ ಹುಟ್ಟುವುದಿಲ್ಲ. ಅದು ಮನೆಯಿಂದಲೇ ಬರಬೇಕು.

ಗೋಡೆಯ ಮೇಲಿನ ವನ್ಯಜೀವಿ

ಮನೆಯಲ್ಲಿ ಯಾವ ವನ್ಯಜೀವಿ ಇದೆ? ಹಲ್ಲಿ ಇದೆ. ಯಾರೂ ಸಾಕಿದ್ದಲ್ಲ, ಯಾರೂ ಊಟ ಹಾಕಿದ್ದಲ್ಲ. ಟ್ಯೂಬ್‌ಲೈಟಿನ ಪಕ್ಕ ತನ್ನ ಪಾಡಿಗೆ ತಾನು ಬೇಟೆಯಾಡಿಕೊಂಡಿದೆ. ಗೋಡೆಗೆ ಮೈ ಅಂಟಿಸಿ ಹೊಂಚು ಹಾಕುವುದು, ಬಾಲದ ತುದಿ ಅಲುಗಿಸುವುದು, ಕೊನೆಯ ಗಳಿಗೆಯಲ್ಲಿ ಮುನ್ನುಗ್ಗುವುದು: ಹುಲಿಯಲ್ಲಿ ನೋಡಲು ಹಂಬಲಿಸುವುದೆಲ್ಲ ಇಲ್ಲಿ ರಾತ್ರಿ ಎಂಟು ಗಂಟೆಗೆ ಪುಕ್ಕಟೆಯಾಗಿ ನಡೆಯುತ್ತದೆ. ಅದು ತಲೆಕೆಳಗಾಗಿ ಚಾವಣಿಯ ಮೇಲೆ ಓಡುವುದು ಅಂಟಿನಿಂದಲ್ಲ. ಪಾದದಡಿ ಕಣ್ಣಿಗೆ ಕಾಣದಷ್ಟು ಸಣ್ಣ ಲಕ್ಷಾಂತರ ಕೂದಲಿನಂಥ ಎಳೆಗಳಿವೆ. ಬೆಕ್ಕಿನ ಬಾಯಿಗೆ ಸಿಕ್ಕಾಗ ಬಾಲ ಕಳಚಿ ಬೀಳುತ್ತದೆ. ಬಿದ್ದ ಬಾಲ ವಿಲವಿಲ ಒದ್ದಾಡುತ್ತಿರುವಾಗ ಹಲ್ಲಿ ಪರಾರಿ. ಮತ್ತೆ ಬೆಳೆಯುವ ಬಾಲದಲ್ಲಿ ಮೂಳೆ ಇರುವುದಿಲ್ಲ, ಮೃದ್ವಸ್ಥಿ ಇರುತ್ತದೆ.

ಇಷ್ಟು ಸೊಗಸಿನ ಪ್ರಾಣಿಯ ಬಗ್ಗೆ ಮಗುವಿಗೆ ಮೊದಲು ಸಿಗುವ ಶಿಕ್ಷಣವೆಂದರೆ ‘ಛೀ, ಹಲ್ಲಿ!’ ಎಂಬ ಚೀರಾಟ ಮತ್ತು ಪೊರಕೆ. ನಮ್ಮ ಮನೆಗಳಲ್ಲಿರುವ ಹಲ್ಲಿಗೆ ವಿಷವಿಲ್ಲ. ಅದು ಬಿದ್ದ ಸಾರನ್ನು ಚೆಲ್ಲಬೇಕಾದದ್ದು ನಿಜ; ಅದರ ಮೈಮೇಲಿನ ರೋಗಾಣುಗಳ ಕಾರಣಕ್ಕೆ, ವಿಷದ ಕಾರಣಕ್ಕಲ್ಲ. ಹೇಸಿಗೆ, ಭಯ ಇವುಗಳಲ್ಲಿ ಹೆಚ್ಚಿನವನ್ನು ಮಕ್ಕಳು ಹೊತ್ತುಕೊಂಡು ಹುಟ್ಟುವುದಿಲ್ಲ. ಅಜ್ಜಿ, ಅಮ್ಮ, ಚಿಕ್ಕಪ್ಪಂದಿರ ಮುಖ ನೋಡಿ ಕಲಿಯುತ್ತಾರೆ.

ಹಳ್ಳಿಯ ಮಕ್ಕಳಿಗೆ ಸೂರಿನಡಿಯ ಇನ್ನೊಂದು ಗೆಳೆಯನ ಪರಿಚಯವಿರುತ್ತದೆ. ಮಳೆಹನಿ ತಾಕದ ಸಡಿಲ ಮಣ್ಣಿನಲ್ಲಿ ಆಲಿಕೆಯಂಥ ಪುಟ್ಟ ಗುಂಡಿ ತೋಡಿ ಅದರ ತಳದಲ್ಲಿ ಅಡಗಿ ಕೂರುವ ಹುಳು ಅದು. ಕೆಲವೆಡೆ ಇದನ್ನು ಗುಬ್ಬಚ್ಚಿ ಹುಳು ಎನ್ನುತ್ತಾರೆ. ಇರುವೆಯೊಂದು ಜಾರಿದರೆ ಕೆಳಗಿನಿಂದ ಮಣ್ಣೆರಚಿ ಅದನ್ನು ಇನ್ನಷ್ಟು ಜಾರಿಸಿ ಹಿಡಿಯುತ್ತದೆ. ಈ ಕುಳ್ಳ ಹುಳುವೇ ಮುಂದೆ ರೆಕ್ಕೆ ಮೂಡಿ ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ಕೀಟವಾಗಿ ಹಾರಿಹೋಗುತ್ತದೆ ಎಂದರೆ ಮಕ್ಕಳು ನಂಬುವುದಿಲ್ಲ.

ನಿಜವಾದ ಏರೋಪ್ಲೇನ್ ಚಿಟ್ಟೆಯ ಕತೆ ಇನ್ನೂ ದೊಡ್ಡದು. ಅದರ ಬಾಲಕ್ಕೆ ದಾರ ಕಟ್ಟಿ ಹಾರಿಸುವುದು ಹಳೆಯ ಆಟ. ಮಳೆಗಾಲ ಮುಗಿಯುವಾಗ ಬಯಲಿನ ಮೇಲೆ ಗುಂಪು ಗುಂಪಾಗಿ ಹಾರುವ ಹಳದಿ ಮೈಯ ಒಂದು ಜಾತಿ ಪ್ರತಿ ವರ್ಷ ಅಕ್ಟೋಬರಿನ ಹೊತ್ತಿಗೆ ಮಾಲ್ಡೀವ್ಸ್ ದ್ವೀಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅವು ಭಾರತದಿಂದ ಹೊರಟು ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕಾ ಸೇರುತ್ತವೆ ಎಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಬರೆದರು. ಹೆಬ್ಬೆರಳಿನಷ್ಟೂ ತೂಕವಿಲ್ಲದ ಕೀಟ ಅದು. ಇದನ್ನು ಕೇಳಿದ ಮಗು ದಾರದ ಉಂಡೆಯನ್ನು ತಾನಾಗಿಯೇ ಕೆಳಗಿಡಬಹುದು. ‘ಪಾಪ ಬರುತ್ತೆ, ಬಿಡು’ ಎಂದು ಗದರುವುದಕ್ಕಿಂತ ಇದು ವಾಸಿ.

ಗುಬ್ಬಿ ಹೊಡೆದ ಹುಡುಗ

ಬೇಟೆಯ ಹುಚ್ಚಿನಿಂದ ನೋಡುವ ಹುಚ್ಚಿಗೆ ಹೊರಳಿದ ಹುಡುಗನೊಬ್ಬನ ಪ್ರಸಂಗ ಭಾರತದ ಪಕ್ಷಿಶಾಸ್ತ್ರದ ಚರಿತ್ರೆಯಲ್ಲೇ ಇದೆ. ಮುಂಬೈಯಲ್ಲಿ ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿಯವರ ಆಶ್ರಯದಲ್ಲಿ ಬೆಳೆಯುತ್ತಿದ್ದ ಬಾಲಕ ಸಲೀಂ ಅಲಿ ಏರ್‌ಗನ್ನಿನಿಂದ ಗುಬ್ಬಿಗಳನ್ನು ಹೊಡೆಯುತ್ತಿದ್ದ. ಒಂದು ದಿನ ಬಿದ್ದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಇದು ಯಾವ ಹಕ್ಕಿ ಎಂದು ಮಾವನನ್ನು ಕೇಳಿದ. ಮಾವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಸುಮ್ಮನಾಗದೆ ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅದು 1908ರ ಮಾತು. ಅಲ್ಲಿ ಕಾರ್ಯದರ್ಶಿಯಾಗಿದ್ದ ಡಬ್ಲ್ಯೂ. ಎಸ್. ಮಿಲ್ಲಾರ್ಡ್ ಎಂಬ ಆಂಗ್ಲರು ಸತ್ತ ಗುಬ್ಬಿ ಹಿಡಿದು ಅಂಜುತ್ತ ನಿಂತ ಹುಡುಗನನ್ನು ಅಟ್ಟಲಿಲ್ಲ. ಹಳದಿ ಕತ್ತಿನ ಗುಬ್ಬಿ ಎಂದು ಹೆಸರು ಹೇಳಿ, ಸಂಸ್ಥೆಯ ಸಂಗ್ರಹದ ಹಕ್ಕಿಗಳನ್ನೆಲ್ಲ ತೆಗೆದು ತೋರಿಸಿ, ಓದಲು ಪುಸ್ತಕ ಕೊಟ್ಟರು. ಮುಂದೆ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಲು ಅವರ ಒತ್ತಾಸೆ ಕಾರಣ. 1985ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಅವರು ಆ ಗುಬ್ಬಿಯದೇ ಹೆಸರಿಟ್ಟರು.

ಈ ಪ್ರಸಂಗದಲ್ಲಿ ಮಿಲ್ಲಾರ್ಡರಷ್ಟೇ ದೊಡ್ಡ ಪಾತ್ರ ಮಾವನದು. ಮಗು ಕೇಳಿದ್ದಕ್ಕೆಲ್ಲ ಉತ್ತರ ಗೊತ್ತಿರಬೇಕೆಂಬ ಹಟ ಪಾಲಕರಿಗೆ ಬೇಕಿಲ್ಲ. ‘ನನಗೂ ಗೊತ್ತಿಲ್ಲ, ಹುಡುಕೋಣ ಬಾ’ ಎಂದರೆ ಸಾಕು. ಕನ್ನಡದ ಮಕ್ಕಳ ಮಟ್ಟಿಗೆ ಹುಡುಕಲು ಜಾಗವೂ ಬಹಳ ಹಿಂದಿನಿಂದ ಇದೆ. ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಬರೆದು ತಂದದ್ದು 1930ರ ದಶಕದಲ್ಲಿ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಹೈಸ್ಕೂಲು ಮಕ್ಕಳಿಗೆ ಈಗಲೂ ಓದಿಸಿಕೊಂಡು ಹೋಗುತ್ತದೆ.

ತವರಿಗೆ ಬರುವ ಹಕ್ಕಿಗಳು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮಕ್ಕಳಿಗೆ ಹಕ್ಕಿಯ ಪರಿಚಯ ಮಾಡಿಸಲು ಯಾರೂ ಕಾರ್ಯಕ್ರಮ ಹಾಕಿಕೊಳ್ಳಬೇಕಿಲ್ಲ. ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಊರೊಳಗಿನ ಹುಣಸೆ, ಅತ್ತಿ, ಆಲದ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಮೊಟ್ಟೆ, ಮರಿ, ಮರಿಯ ಮೊದಲ ಹಾರಾಟ ಎಲ್ಲವೂ ಹಿತ್ತಿಲಿನಲ್ಲಿ, ಜಗಲಿಯ ನೆತ್ತಿಯ ಮೇಲೆ. ಬೇಸಿಗೆ ಮುಗಿಯುವ ಹೊತ್ತಿಗೆ ಹೊರಟು ನಿಲ್ಲುತ್ತವೆ. ಈ ಹಕ್ಕಿಗಳನ್ನು ಊರಿನವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕರೆಯುತ್ತಾರೆ. 1916ರ ಸುಮಾರಿಗೆ ಪ್ಲೇಗಿನ ಕಾಟದಿಂದ ಶಿಂಷಾ ದಡದ ಹಳೆಯ ಊರು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂಬುದು ಅಲ್ಲಿನ ನಂಬಿಕೆ.

ಇದೆಲ್ಲ ಬರೀ ಭಾವನೆಯ ಮಾತಲ್ಲ. ಮೀನು ತಿನ್ನುವ ಸಾವಿರಾರು ಹಕ್ಕಿಗಳ ಹಿಕ್ಕೆಯ ವಾಸನೆ ಏನೆಂಬುದು ಅಲ್ಲಿಗೆ ಹೋದ ಪ್ರವಾಸಿಗಳಿಗೆ ಗೊತ್ತು. ಹಕ್ಕಿ ಕುಳಿತ ಮರದ ಹುಣಸೆಹಣ್ಣು ಕೈಗೆ ಬರುವುದಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡು ಮಾಡಬೇಕಾಯಿತು. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳ ನೆರವಿನಿಂದ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಆವರಣದೊಳಗಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟುಬಿಡುವ ಕೆಲಸ ಅವರದು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಇಂಥ ಕಡೆ ಬೆಳೆದ ಮಗುವಿಗೆ ಹಕ್ಕಿಯೆಂದರೆ ಚಿತ್ರಪಟದ ಚೌಕವಲ್ಲ; ಗೋಳು ಹೊಯ್ದುಕೊಳ್ಳುವ, ವಾಸನೆ ಹೊಡೆಯುವ, ಆದರೂ ಬರದಿದ್ದರೆ ಮನಸ್ಸು ಹಿಡಿಸದ ನೆಂಟ. 2017-18ರಲ್ಲಿ ಹೊಟ್ಟೆಹುಳದ ಬಾಧೆಯಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದಾಗ ಆ ಊರಿಗೆ ಅದು ಸಾವಿನ ಮನೆಯ ದುಃಖವೇ ಆಗಿತ್ತು.

ಎಲ್ಲ ಊರಿಗೂ ಹೆಜ್ಜಾರ್ಲೆ ಬರುವುದಿಲ್ಲ. ಆದರೆ ಮಳೆಗಾಲದಲ್ಲಿ ಬಾವಿಯ ಮೇಲೆ ಬಾಗಿದ ಜಾಲಿಯಲ್ಲೋ ಈಚಲಿನಲ್ಲೋ ತೂಗುವ ಗೀಜಗನ ಗೂಡು ಬಯಲುಸೀಮೆಯ ಎಷ್ಟೋ ಹಳ್ಳಿಗಳಲ್ಲಿದೆ. ಗಂಡು ಅರ್ಧ ಗೂಡು ನೇಯ್ದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಹೊರಗೆ ಪರೀಕ್ಷಿಸಿ ಒಪ್ಪಿದರೆ ಮಾತ್ರ ಉಳಿದರ್ಧ. ಒಪ್ಪದಿದ್ದರೆ ಗೂಡು ಹಾಗೇ ಅರೆಬರೆ ತೂಗುತ್ತಿರುತ್ತದೆ. ಶಾಲೆಯ ದಾರಿಯಲ್ಲಿ ಇಂಥ ಮರವಿರುವ ಮಕ್ಕಳು ಪುಣ್ಯವಂತರು.

ಹಾವು ಕಂಡಾಗ

ಹತ್ತಿರದ ಜೀವಿಗಳ ಪರಿಚಯ ಬರೀ ಸೊಗಸಿನ ವಿಷಯವಲ್ಲ, ಜೀವದ ವಿಷಯವೂ ಹೌದು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅವರಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಹದಿನೈದು ವರ್ಷದೊಳಗಿನ ಮಕ್ಕಳು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ವಿಧಿಸಿತು.

ಹೆಚ್ಚಿನ ಸಾವುಗಳಿಗೆ ಕಾರಣವಾಗುವವು ನಾಲ್ಕೇ ಜಾತಿ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಇಲಿ ಹಿಡಿದು ರೈತನಿಗೆ ಉಪಕಾರ ಮಾಡುವ ಕೇರೆಹಾವಿಗೆ ವಿಷವೇ ಇಲ್ಲ. ಆದರೂ ಉದ್ದವಿದೆಯೆಂಬ ತಪ್ಪಿಗೆ ದೊಣ್ಣೆ ಏಟು ತಿನ್ನುವುದು ಅದೇ. ಮಕ್ಕಳು ಇವುಗಳ ಚಿತ್ರ ನೋಡಿ ಗುರುತು ಹಿಡಿಯಲು ಕಲಿಯಲಿ. ಆದರೆ ಎದುರಿಗೆ ಕಂಡಾಗ ಜಾತಿ ಯಾವುದೆಂದು ಹತ್ತಿರ ಹೋಗಿ ನೋಡುವ ಜಾಣತನ ಬೇಡ. ನಿಂತಲ್ಲೇ ನಿಂತು, ಹಿಂದೆ ಸರಿದು, ದೊಡ್ಡವರನ್ನು ಕರೆಯಬೇಕು. ರಾತ್ರಿ ಹೊರಗೆ ಹೋಗುವಾಗ ಟಾರ್ಚು ಬೇಕು. ಕಟ್ಟುಹಾವು ರಾತ್ರಿ ಮನೆಯೊಳಗೆ ಬಂದು ನೆಲದ ಮೇಲೆ ಮಲಗಿದವರನ್ನು ಕಡಿಯುವುದುಂಟು, ಆ ಕಡಿತ ನೋಯುವುದೂ ಕಡಿಮೆ. ಆದ್ದರಿಂದ ಹಳ್ಳಿಗಳಲ್ಲಿ ಮಂಚ ಮತ್ತು ಸೊಳ್ಳೆಪರದೆ ದೊಡ್ಡ ರಕ್ಷಣೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ; ಕಚ್ಚಿದ ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ. ಹಾವೆಂದರೆ ಭಯ ಇರಲೇಬಾರದೆಂದಲ್ಲ. ಯಾವುದಕ್ಕೆ ಎಷ್ಟು ಭಯ ಎಂಬ ಅಳತೆ ತಿಳಿದಿರಬೇಕು.

ಪ್ರೀತಿಗೂ ಅಳತೆ ಬೇಕು. ಮಗು ಕೇಳಿತೆಂದು ಪಂಜರದಲ್ಲಿ ಗಿಳಿ ತಂದುಕೊಡುವ, ಅಕ್ವೇರಿಯಂ ಅಂಗಡಿಯಲ್ಲಿ ಕದ್ದುಮುಚ್ಚಿ ನಕ್ಷತ್ರ ಆಮೆ ಕೊಳ್ಳುವ ತಂದೆಯರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡೂ ಅಪರಾಧ. ನಂದಿಬೆಟ್ಟದಲ್ಲಿ ಮಂಗಗಳಿಗೆ ಬಿಸ್ಕತ್ತು ಎಸೆಯುವುದನ್ನು ಮಕ್ಕಳಿಗೆ ಕಲಿಸಿ, ನಂತರ ಮಂಗ ಕೈಚೀಲ ಕಿತ್ತುಕೊಂಡಿತೆಂದು ದೂರುವುದೂ ಅಷ್ಟೇ ಅಸಂಬದ್ಧ. ಗೂಡಿನಿಂದ ಬಿದ್ದ ಪುಟ್ಟ ಮರಿ ಸಿಕ್ಕರೆ ಅದನ್ನು ಡಬ್ಬಿಯಲ್ಲಿ ಸಾಕಲು ಹೋಗದೆ ಗೂಡಿಗೇ ಮರಳಿಸುವುದು ಒಳ್ಳೆಯದು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಬರೀ ನಂಬಿಕೆ.

ಶುರು ಮಾಡಲು ದುಬಾರಿ ದುರ್ಬೀನು ಬೇಕಿಲ್ಲ. ಒಂದು ನೋಟ್‌ಬುಕ್ಕು, ಮನೆಯ ಹತ್ತಿರದ ಒಂದು ಮರ ಸಾಕು. ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ಶಾಲಾ ಮಕ್ಕಳು ಒಂದೊಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಮರವೂ ಇಲ್ಲದ ಪೇಟೆಯ ಮನೆಯಲ್ಲಿ ಕುಂಡದ ಕರಿಬೇವು ಅಥವಾ ನಿಂಬೆಗಿಡವಾದರೂ ಇರುತ್ತದೆ. ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳು ಸಿಕ್ಕರೆ ಚಿವುಟಿ ಎಸೆಯದೆ, ಎಲೆಯ ಸಮೇತ ಅಗಲ ಬಾಯಿಯ ಬಾಟಲಿಗೆ ಹಾಕಿ ತೆಳು ಬಟ್ಟೆ ಕಟ್ಟಬೇಕು. ದಿನವೂ ಹೊಸ ಎಲೆ ಕೊಡುವ ಕೆಲಸ ಮಗುವಿನದು. ಕೆಲವು ದಿನಗಳಲ್ಲಿ ಹುಳು ಹಸಿರಾಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಆಮೇಲೆ ಕಡ್ಡಿಗೆ ಅಂಟಿ ಕೋಶ ಕಟ್ಟಿಕೊಳ್ಳುತ್ತದೆ. ಒಂದು ಬೆಳಿಗ್ಗೆ ಕೋಶ ಒಡೆದು ಮುದುಡಿದ ರೆಕ್ಕೆಯ ಚಿಟ್ಟೆ ಹೊರಬಂದಾಗ ಮುಟ್ಟದೆ ಕಾಯಬೇಕು, ರೆಕ್ಕೆ ಒಣಗಲು ಸಮಯ ಹಿಡಿಯುತ್ತದೆ. ಆ ದಿನ ಶಾಲೆಗೆ ಹೊರಡುವುದು ಸ್ವಲ್ಪ ತಡವಾದೀತು. ಗಿಡದ ಎಲೆಯೂ ಅರ್ಧ ಖಾಲಿಯಾಗಿರುತ್ತದೆ. ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು ಅಂಗಡಿಯಿಂದ ತಂದರಾಯಿತು.