ನಿಮಗಿದು ಗೊತ್ತೇ? ಸರ್ಕಾರವೇ ಒಡೆಯನಾದ ಪತ್ರಿಕೆ

● ಕೊಯಮತ್ತೂರು, ತಿರುಪ್ಪೂರಿನ ಅಂಗಡಿಗಳಲ್ಲಿ ತೂಗುವ ತಮಿಳು ದಿನಪತ್ರಿಕೆ ‘ದಿನಕರನ್’ ಖಾಸಗಿ ಒಡೆತನದ್ದು, ಸನ್ ಸಮೂಹಕ್ಕೆ ಸೇರಿದ್ದು. ಇದೇ ಹೆಸರಿನ ಇನ್ನೊಂದು ತಮಿಳು ದಿನಪತ್ರಿಕೆ ಕೊಲಂಬೊದಿಂದ 1932ರಿಂದಲೂ ಬರುತ್ತಿದೆ. ಅದನ್ನು ಹೊರತರುವ ‘ಲೇಕ್ ಹೌಸ್’ ಸಂಸ್ಥೆಯನ್ನು ಶ್ರೀಲಂಕಾ ಸರ್ಕಾರ 1973ರಲ್ಲಿ ವಿಶೇಷ ಕಾನೂನು ಮಾಡಿ ವಶಕ್ಕೆ ತೆಗೆದುಕೊಂಡಿತು. ವಾಟ್ಸ್‌ಆ್ಯಪ್‌ನಲ್ಲಿ ಬಂದ ತುಣುಕಿನ ಮೇಲೆ ಪತ್ರಿಕೆಯ ಹೆಸರಿದ್ದರೆ ಸಾಲದು, ಅದು ಯಾವ ಊರಿನ ದಿನಕರನ್ ಎಂದೂ ನೋಡಬೇಕು.

● ತಮಿಳುನಾಡು ಸರ್ಕಾರಕ್ಕೆ ಸ್ವಂತ ದಿನಪತ್ರಿಕೆ ಇಲ್ಲ. ಅದರ ವಾರ್ತಾ ಇಲಾಖೆ ತರುವುದು ‘ತಮಿಳರಸು’ ಮಾಸಿಕ. ನಮ್ಮಲ್ಲಿ ‘ಜನಪದ’ ಇದ್ದ ಹಾಗೆ. ‘ಮುರಸೊಲಿ’ಯನ್ನು ಸರ್ಕಾರಿ ಪತ್ರಿಕೆ ಎನ್ನುವವರಿದ್ದಾರೆ, ಅದು ತಪ್ಪು. ಅದು ಡಿಎಂಕೆಯದು. ಪಕ್ಷ ಅಧಿಕಾರ ಕಳೆದುಕೊಂಡರೂ ಅದರ ಪತ್ರಿಕೆ ಪಕ್ಷದ್ದೇ. ಇಲಾಖೆಯ ಮಾಸಿಕ ಮಾತ್ರ ಗೆದ್ದು ಬಂದವರ ಕೈಗೆ ಹೋಗುತ್ತದೆ.

● ರಷ್ಯಾ ಸರ್ಕಾರದ ‘ರೊಸ್ಸಿಸ್ಕಾಯಾ ಗಜೇಟಾ’ದಲ್ಲಿ ಕಾನೂನಿನ ಪಠ್ಯ ಅಚ್ಚಾದರೆ ಅದು ಅಧಿಕೃತ ಪ್ರಕಟಣೆ, ನ್ಯಾಯಾಲಯವೂ ಒಪ್ಪುತ್ತದೆ. ಅದೇ ಪತ್ರಿಕೆಯ ಯುದ್ಧವರದಿಗೆ ಆ ಮಾನ್ಯತೆ ಕೊಡಲಾಗದು. ಹಾಗಾಗಿ ‘ಈ ಪತ್ರಿಕೆ ನಂಬಬಹುದೇ?’ ಎಂಬ ಪ್ರಶ್ನೆಯೇ ಅರೆಬರೆ. ಯಾವ ವಿಷಯಕ್ಕೆ ನಂಬಬಹುದು ಎಂದು ಕೇಳಬೇಕು. ಯೋಜನೆಯ ಹೆಸರು, ಅರ್ಹತೆ, ಅರ್ಜಿಯ ಕೊನೆಯ ದಿನಾಂಕ ಇವಕ್ಕೆ ಸರ್ಕಾರಿ ಮಾಸಿಕಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ. ಯೋಜನೆ ಫಲ ಕೊಟ್ಟಿತೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು.

● ಪತ್ರಿಕೆಯನ್ನು ಪರೀಕ್ಷಿಸಿ ನೋಡಲು ನೊಯ್ಯಲ್ ನದಿಗಿಂತ ಒಳ್ಳೆಯ ವಿಷಯ ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿಲ್ಲ. ತಿರುಪ್ಪೂರಿನ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಘಟಕಗಳ ನೀರು ದಶಕಗಳ ಕಾಲ ಈ ನದಿಗೆ ಹರಿಯಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟಿನಲ್ಲಿ ನಿಂತದ್ದು ಆ ಕೊಳೆನೀರು. ಕೆಳಗಿನ ರೈತರು ಕೋರ್ಟಿಗೆ ಹೋದರು. 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟ್ ಡೈಯಿಂಗ್, ಬ್ಲೀಚಿಂಗ್ ಘಟಕಗಳನ್ನು ಮುಚ್ಚಿಸಲು ಆದೇಶಿಸಿತು. ಈಗ ಆ ವರ್ಷದ ಯಾವುದೇ ಪತ್ರಿಕೆಯನ್ನು, ಸರ್ಕಾರದ್ದಾಗಲಿ ಖಾಸಗಿಯಾಗಲಿ, ಗ್ರಂಥಾಲಯದಲ್ಲಿ ತೆಗೆದು ಓದಿ. ಆದೇಶದ ದಿನಾಂಕ ಇದೆಯೇ? ಒಬ್ಬ ರೈತನಾದರೂ ಮಾತಾಡಿದ್ದಾನೆಯೇ? ಹಿಂದಿನ ಆದೇಶಗಳನ್ನು ಪಾಲಿಸದವರು ಯಾರು ಎಂದು ಬರೆದಿದೆಯೇ? ರಫ್ತಿನ ಕೋಟಿಗಳ ಲೆಕ್ಕ ಮಾತ್ರ ಇದ್ದರೆ ಆ ಲೆಕ್ಕ ಸರಿಯಾಗಿಯೇ ಇರಬಹುದು, ಪತ್ರಿಕೆ ಮಾತ್ರ ಪಕ್ಷಪಾತಿ. ಸುಳ್ಳು ಬರೆಯದೆಯೂ ಓದುಗನನ್ನು ವಂಚಿಸಬಹುದು, ಹೇಳಬೇಕಾದ್ದನ್ನು ಬಿಟ್ಟರೆ ಸಾಕು. ಸರ್ಕಾರಿ ಪ್ರಕಟಣೆಗಳಲ್ಲಿ ನಾನು ಮೊದಲು ಹುಡುಕುವುದೇ ಬಿಟ್ಟದ್ದನ್ನು.

● ಕೊನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದ ಒಂದು ಸಾಲಿರುತ್ತದೆ: ಮುದ್ರಕರು, ಪ್ರಕಾಶಕರು, ಸಂಪಾದಕರು. 1867ರ ಮುದ್ರಣ ಕಾಯ್ದೆ ಕಡ್ಡಾಯ ಮಾಡಿದ ಸಾಲು ಇದು. ಆ ಸಾಲಿಗೆ ಬೆಲೆ ತೆತ್ತವರಲ್ಲಿ ಕಣ್ಣಮ್ಮಾಳ್ ಒಬ್ಬರು. ಅವರ ಅಣ್ಣ ಪೆರಿಯಾರ್ 1925ರಲ್ಲಿ ಈರೋಡಿನಲ್ಲಿ ‘ಕುಡಿ ಅರಸು’ ಪತ್ರಿಕೆ ಆರಂಭಿಸಿದರು. ಈರೋಡು ಆಗ ಕೊಯಮತ್ತೂರು ಜಿಲ್ಲೆಯ ಊರು. 1933ರಲ್ಲಿ ಸರ್ಕಾರವನ್ನು ಟೀಕಿಸಿದ ಸಂಪಾದಕೀಯಕ್ಕಾಗಿ ಪೆರಿಯಾರ್ ಜೊತೆಗೆ ಪ್ರಕಾಶಕಿಯಾಗಿದ್ದ ತಂಗಿಯ ಮೇಲೂ ರಾಜದ್ರೋಹದ ಮೊಕದ್ದಮೆ ಬಿತ್ತು, ಇಬ್ಬರಿಗೂ ಶಿಕ್ಷೆಯಾಯಿತು.

● 1956ರ ನಿಯಮಗಳ ಪ್ರಕಾರ ಪತ್ರಿಕೆಗಳು ಪ್ರತಿ ವರ್ಷ ಫೆಬ್ರವರಿ ಮುಗಿದ ನಂತರದ ಮೊದಲ ಸಂಚಿಕೆಯಲ್ಲಿ ಒಡೆತನದ ವಿವರ ಅಚ್ಚು ಮಾಡಬೇಕಿತ್ತು. ‘ನಮೂನೆ 4’ ಎಂಬ ಹೆಸರಿನ ಆ ಚೌಕವನ್ನು ಹಳೆಯ ಮಾರ್ಚ್ ಸಂಚಿಕೆಗಳಲ್ಲಿ ಹುಡುಕಿ. ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲಿರುವವರ ಹೆಸರು ಅಲ್ಲಿರುತ್ತದೆ.

● ಶೀತಲ ಸಮರದ ಕಾಲದಲ್ಲಿ ನುಣುಪು ಕಾಗದದ ‘ಸೋವಿಯತ್ ಲ್ಯಾಂಡ್’ ಕನ್ನಡದಲ್ಲೂ ತಮಿಳಿನಲ್ಲೂ ಬರುತ್ತಿತ್ತು. ಹೊರತರುತ್ತಿದ್ದುದು ಸೋವಿಯತ್ ರಾಯಭಾರ ಕಚೇರಿ.

● ಒಡೆತನ ಖಾಸಗಿಯಾದರೂ ಜಾಹೀರಾತಿನಿಂದ ಬರುವ ಹಣ ಸರ್ಕಾರದ್ದಾಗಿರಬಹುದು. ಸರ್ಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಇವರ ಚಿತ್ರ ಮಾತ್ರ ಇರಬೇಕೆಂದು 2015ರ ಮೇ 13ರಂದು ಸುಪ್ರೀಂ ಕೋರ್ಟ್ ಹೇಳಿತು. ರಾಜ್ಯಗಳು ಮರುಪರಿಶೀಲನೆ ಕೇಳಿದವು, 2016ರ ಮಾರ್ಚ್ 18ರಂದು ಮುಖ್ಯಮಂತ್ರಿ, ಮಂತ್ರಿಗಳ ಚಿತ್ರಕ್ಕೂ ಅನುಮತಿ ಸಿಕ್ಕಿತು. ಆ ತೀರ್ಪನ್ನು ಕಾನೂನು ಪುಸ್ತಕಗಳು ಗುರುತಿಸುವುದೇ ‘ಕರ್ನಾಟಕ ರಾಜ್ಯ ವಿರುದ್ಧ ಕಾಮನ್ ಕಾಸ್’ ಎಂದು. ಯಾವ ಪತ್ರಿಕೆಗೆ ಎಷ್ಟು ರೂಪಾಯಿಯ ಜಾಹೀರಾತು ಹೋಯಿತೆಂದು ವಾರ್ತಾ ಇಲಾಖೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿ ಶುಲ್ಕ ಬೆಂಗಳೂರಿನಲ್ಲೂ ಚೆನ್ನೈನಲ್ಲೂ 10 ರೂಪಾಯಿ.