ನಡುರಾತ್ರಿಯಲ್ಲಿ ಶುಗರ್ ಎಷ್ಟಿತ್ತು?

ಸಕ್ಕರೆ ಕಾಯಿಲೆಯವರ ಫೈಲಿನಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು ಅಂಕಿಗಳು: ಬರಿಹೊಟ್ಟೆಯ ಶುಗರ್, ಊಟವಾಗಿ ಎರಡು ಗಂಟೆಯ ನಂತರದ್ದು, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ. ಈ ಮೂರೂ ಚೆನ್ನಾಗಿದ್ದರೂ ರಾತ್ರಿ ಎರಡರ ಹೊತ್ತಿಗೆ ಶುಗರ್ 50ಕ್ಕೆ ಕುಸಿಯುತ್ತಿರಬಹುದು. ಒಮ್ಮೆ 250, ಇನ್ನೊಮ್ಮೆ 60 ಆಗುತ್ತಿದ್ದರೂ ಸರಾಸರಿ ಮಾತ್ರ ಸಭ್ಯವಾಗಿಯೇ ಕಾಣುತ್ತದೆ. ಈ ಏರಿಳಿತವನ್ನು ಹಿಡಿಯಲೆಂದೇ ಬಂದದ್ದು ಸಿಜಿಎಂ, ಅಂದರೆ ಗ್ಲುಕೋಸನ್ನು ಎಡೆಬಿಡದೆ ಅಳೆಯುವ ಸಾಧನ.

ತೋಳಿನ ಹಿಂಬದಿಗೋ ಹೊಟ್ಟೆಗೋ ಅಂಟಿಸುವ ಪುಟ್ಟ ಬಿಲ್ಲೆ ಇದು. ಅದರ ತೆಳ್ಳನೆಯ ಎಳೆಯೊಂದು ಚರ್ಮದ ಕೆಳಗೆ ಕೆಲವೇ ಮಿಲಿಮೀಟರ್ ಇಳಿದಿರುತ್ತದೆ. ಎಳೆಗೆ ಲೇಪಿಸಿದ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಗ್ಲುಕೋಸಿನ ಜೊತೆ ವರ್ತಿಸಿದಾಗ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ; ಗ್ಲುಕೋಸ್ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಕಿಣ್ವದಿಂದ ಗ್ಲುಕೋಸ್ ಅಳೆಯುವ ಈ ಉಪಾಯವನ್ನು ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲೇ ಮುಂದಿಟ್ಟಿದ್ದರು. 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಸಾಧನ ಮೂರು ದಿನ ಅಳೆಯುತ್ತಿತ್ತು, ಫಲಿತಾಂಶ ಆಮೇಲೆ ವೈದ್ಯರಿಗೆ ಸಿಗುತ್ತಿತ್ತು. ಈಗಿನ ಹಲವು ಸೆನ್ಸರ್‌ಗಳು 10ರಿಂದ 15 ದಿನ ಮೈಮೇಲಿದ್ದು, ಕೆಲವೇ ನಿಮಿಷಕ್ಕೊಮ್ಮೆ ಮೊಬೈಲಿಗೆ ಅಂಕಿ ಕಳಿಸುತ್ತವೆ.

ಅಂಕಿಗಿಂತ ಬೆಲೆಬಾಳುವುದು ಅದರ ಪಕ್ಕದ ಬಾಣದ ಗುರುತು. ಶುಗರ್ 110 ಇದ್ದು ಬಾಣ ಮೇಲಕ್ಕಿದ್ದರೆ ಒಂದು ಅರ್ಥ, ಕೆಳಕ್ಕಿದ್ದರೆ ಬೇರೆಯೇ ಅರ್ಥ. ಇನ್ಸುಲಿನ್ ತೆಗೆದುಕೊಂಡು ಮಲಗಲು ಹೊರಟವರಿಗೆ ಈ ವ್ಯತ್ಯಾಸ ಪ್ರಾಣದ ಪ್ರಶ್ನೆಯೂ ಆಗಬಹುದು. ಲೋ ಶುಗರ್ ಆದಾಗ ಬೆವರು, ನಡುಕದ ಮುನ್ಸೂಚನೆಯೇ ಬಾರದವರಿಗೆ, ಟೈಪ್ 1 ಮಧುಮೇಹದ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದರ ಅಲಾರಂ ದೊಡ್ಡ ಆಸರೆ. 2019ರ ಅಂತರರಾಷ್ಟ್ರೀಯ ಒಮ್ಮತದ ಪ್ರಕಾರ ಬಹುಪಾಲು ವಯಸ್ಕ ಮಧುಮೇಹಿಗಳ ಶುಗರ್ ದಿನದ ಶೇ. 70ಕ್ಕಿಂತ ಹೆಚ್ಚು ಹೊತ್ತು, ಅಂದರೆ ಸುಮಾರು 17 ಗಂಟೆ, 70ರಿಂದ 180ರ ನಡುವೆ ಇರಬೇಕು; 70ಕ್ಕಿಂತ ಕೆಳಗಿರುವ ಹೊತ್ತು ಶೇ. 4ನ್ನು ಮೀರಬಾರದು. ಬೆರಳು ಚುಚ್ಚಿ ಈ ಲೆಕ್ಕ ಹಾಕಲಾಗದು.

ಆದರೆ ಸಿಜಿಎಂ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ರಕ್ತದ ಗ್ಲುಕೋಸ್ ಅಲ್ಲಿಗೆ ತಲುಪಲು ಹಲವು ನಿಮಿಷ ಬೇಕು. ಲೋ ಆದವರು ಸಕ್ಕರೆ ತಿಂದು ರಕ್ತದಲ್ಲಿ ಚೇತರಿಸಿಕೊಂಡಿದ್ದರೂ ಮೊಬೈಲು ಇನ್ನೂ ‘ಲೋ’ ಎನ್ನುತ್ತಿರುತ್ತದೆ. ಗಾಬರಿಯಿಂದ ಮತ್ತೆ ಮತ್ತೆ ತಿಂದರೆ ಶುಗರ್ 300ಕ್ಕೆ ಜಿಗಿದೀತು. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಉಂಟು. ಊಟದ ಇನ್ಸುಲಿನ್ ಹಲವು ಗಂಟೆ ಕೆಲಸ ಮಾಡುತ್ತದೆ. ಪರದೆಯ ಅಂಕಿ ಇಳಿಯಲಿಲ್ಲವೆಂದು ನಡುವೆ ಇನ್ನೊಂದು ಡೋಸ್ ಚುಚ್ಚಿಕೊಂಡರೆ ಎರಡೂ ಸೇರಿ ಶುಗರನ್ನು ಪಾತಾಳಕ್ಕಿಳಿಸುತ್ತವೆ.

ಸೆನ್ಸರ್ ಇರುವ ಮಗ್ಗುಲಿಗೇ ಒತ್ತಿ ಮಲಗಿದರೆ ಸುಳ್ಳು ಲೋ ಕಾಣಿಸಬಹುದು. ಕೆಲವು ಸೆನ್ಸರ್‌ಗಳಲ್ಲಿ ಹೆಚ್ಚು ಪ್ರಮಾಣದ ವಿಟಮಿನ್ ಸಿ, ಕೆಲವು ಹಳೆಯ ಮಾದರಿಗಳಲ್ಲಿ ಪ್ಯಾರಸಿಟಮಾಲ್ ಅಂಕಿಯನ್ನು ಏರಿಸಿ ತೋರಿಸುತ್ತವೆ. ನಿಜವಾದ ಲೋ ಇದರಿಂದ ಮರೆಯಾಗಬಹುದು. ಅಂಟಿನಿಂದ ಕೆಲವರಿಗೆ ತುರಿಕೆ, ಗಂದೆ ಬರುವುದುಂಟು. ಆದ್ದರಿಂದ ಗ್ಲುಕೋಮೀಟರನ್ನು ಎಸೆಯಬೇಡಿ. ಮೈ ಹೇಳುವುದಕ್ಕೂ ಮೊಬೈಲು ಹೇಳುವುದಕ್ಕೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ನೋಡಿ.

ಮಧುಮೇಹವಿಲ್ಲದವರೂ ಈಗ ಸೆನ್ಸರ್ ಅಂಟಿಸಿಕೊಳ್ಳುತ್ತಿದ್ದಾರೆ. ಆರೋಗ್ಯವಂತರಲ್ಲೂ ಊಟದ ನಂತರ ಶುಗರ್ ಕೊಂಚ ಹೊತ್ತು 140 ದಾಟುವುದುಂಟು. ಆ ಏರಿಕೆಗೆ ಹೆದರಿ ಅನ್ನ, ಹಣ್ಣು ಬಿಟ್ಟರೆ ಲಾಭವಾಗುತ್ತದೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಚರ್ಮ ಚುಚ್ಚದೆ ತಾವೇ ಶುಗರ್ ಅಳೆಯುತ್ತೇವೆನ್ನುವ ಉಂಗುರ, ಕೈಗಡಿಯಾರಗಳಂತೂ ಬೇಡವೇ ಬೇಡ. ಅವನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಎಚ್ಚರಿಸಿದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು 10.1 ಕೋಟಿ. ಎರಡು ವಾರಕ್ಕೊಮ್ಮೆ ಸಾವಿರಗಟ್ಟಲೆ ರೂಪಾಯಿಯ ಸೆನ್ಸರ್ ಬದಲಿಸುವುದು ಎಲ್ಲರ ಕೈಗೆಟುಕದು, ಎಲ್ಲರಿಗೂ ಬೇಕಾಗಿಯೂ ಇಲ್ಲ. ದಿನಕ್ಕೆ ಹಲವು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಪದೇ ಪದೇ ಲೋ ಆಗುವವರಿಗೆ ಅದು ಸದಾ ಇದ್ದರೆ ಒಳ್ಳೆಯದು. ಮಾತ್ರೆಯಲ್ಲೇ ಹತೋಟಿಯಲ್ಲಿರುವ ಬಹಳಷ್ಟು ಮಂದಿಗೆ ವೈದ್ಯರ ಸಲಹೆಯಂತೆ ಆಗೊಮ್ಮೆ ಈಗೊಮ್ಮೆ ಒಂದು ಸೆನ್ಸರ್ ಸಾಕಾಗಬಹುದು. ಆ ದಿನಗಳಲ್ಲಿ ಊಟ, ನಡಿಗೆ, ನಿದ್ದೆ, ಮಾತ್ರೆಯ ಹೊತ್ತನ್ನು ಬರೆದಿಟ್ಟು, ಗ್ರಾಫಿನ ಜೊತೆ ವೈದ್ಯರ ಮುಂದಿಡಬೇಕು. ಬರವಣಿಗೆಯಿಲ್ಲದ ಗ್ರಾಫಿನಿಂದ ಶುಗರ್ ಏರಿದ್ದು ಗೊತ್ತಾದೀತು, ಏರಿದ್ದೇಕೆಂದು ಗೊತ್ತಾಗದು.