ದೂರದರ್ಶನದ ವಾಗ್ವಾದ ಮತ್ತು ಮತದಾರನ ಮನಸ್ಸು

ಚುನಾವಣೆ ಸಮೀಪಿಸಿತೆಂದರೆ ಮನೆಮನೆಯ ಪಡಸಾಲೆಯೂ ಒಂದು ಚರ್ಚಾಕೂಟವಾಗಿ ಮಾರ್ಪಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸಂಜೆಯ ದೀಪ ಹಚ್ಚಿ, ಪೂಜೆ ಪ್ರಸಾದಗಳನ್ನು ಮುಗಿಸಿ ದೂರದರ್ಶನದ ಮುಂದೆ ಕುಳಿತರೆ ಪರದೆಯ ಮೇಲೆ ನಾಲ್ಕಾರು ಮುಖಗಳು ಏಕಕಾಲಕ್ಕೆ ಕೂಗಾಡುತ್ತಿರುತ್ತವೆ. ಮನೆಯ ಹಿರಿಯರು ಒಬ್ಬರ ಪಕ್ಷ ವಹಿಸುತ್ತಾರೆ, ಮಗ ಇನ್ನೊಬ್ಬರ ಪಕ್ಷ ವಹಿಸುತ್ತಾನೆ. ಗಂಟೆಯೊಂದು ಕಳೆದು ಕಾರ್ಯಕ್ರಮ ಮುಗಿದಾಗ ತಂದೆಯಾಗಲಿ ಮಗನಾಗಲಿ ತಮ್ಮ ಅಭಿಪ್ರಾಯದಿಂದ ಎಳ್ಳಷ್ಟಾದರೂ ಕದಲಿರುತ್ತಾರೆಯೇ? ಇಷ್ಟೊಂದು ಮಾತು, ಇಷ್ಟೊಂದು ವೇಳೆ, ಇಷ್ಟೊಂದು ಹಣ ವ್ಯಯವಾಗುವ ಈ ವಾಗ್ವಾದಗಳಿಂದ ಮತದಾರನ ಮನಸ್ಸು ನಿಜವಾಗಿಯೂ ಬದಲಾಗುತ್ತದೆಯೇ? ಈ ಪ್ರಶ್ನೆಯನ್ನು ಓದುಗ ಬಂಧುಗಳೊಡನೆ ಕುಳಿತು ಆಲೋಚಿಸುವುದು ಉಚಿತವೆಂದು ನಮಗೆ ತೋರಿದೆ.

ಪ್ರಧಾನಿಯಾಗಬಯಸುವವರು ಎದುರುಬದುರು ನಿಂತು ವಾದಿಸುವ ಸಂಪ್ರದಾಯ ನಮ್ಮ ದೇಶದಲ್ಲಿ ಬೆಳೆದಿಲ್ಲ. ಆದ್ದರಿಂದ ಈ ಪದ್ಧತಿ ಬೇರುಬಿಟ್ಟಿರುವ ಅಮೆರಿಕದ ಅನುಭವವನ್ನೇ ಮೊದಲು ಪರಿಶೀಲಿಸಬೇಕು.

ಮೊದಲ ವಾಗ್ವಾದ

1960ರ ಸೆಪ್ಟೆಂಬರ್ 26ರಂದು ಷಿಕಾಗೋ ನಗರದ ದೂರದರ್ಶನ ಕೇಂದ್ರವೊಂದರಲ್ಲಿ ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್ ಮುಖಾಮುಖಿಯಾದರು. ಸುಮಾರು ಏಳು ಕೋಟಿ ಜನ ಅದನ್ನು ವೀಕ್ಷಿಸಿದರು. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಬಂದಿದ್ದ ನಿಕ್ಸನ್ ಬಳಲಿದ್ದರು. ಕೆನಡಿ ಉತ್ಸಾಹದ ಮೂರ್ತಿಯಂತೆ ಕಂಗೊಳಿಸುತ್ತಿದ್ದರು. ರೇಡಿಯೊದಲ್ಲಿ ಕೇಳಿದವರು ನಿಕ್ಸನ್ ಗೆದ್ದರೆಂದರು, ದೂರದರ್ಶನದಲ್ಲಿ ನೋಡಿದವರು ಕೆನಡಿ ಗೆದ್ದರೆಂದರು ಎಂಬ ಮಾತು ಅಂದಿನಿಂದ ಇಂದಿನವರೆಗೆ ದಂತಕಥೆಯಂತೆ ಹರಿದುಬಂದಿದೆ. ಆದರೆ ಆ ಮಾತಿಗೆ ಆಧಾರವಾದ ಸಮೀಕ್ಷೆಯಲ್ಲಿ ರೇಡಿಯೊ ಕೇಳಿದವರ ಸಂಖ್ಯೆ ಅತ್ಯಲ್ಪವಾಗಿತ್ತು. ರೇಡಿಯೊ ಮುಂದೆ ಕುಳಿತವರಲ್ಲಿ ಅನೇಕರು ಮೊದಲಿನಿಂದಲೇ ನಿಕ್ಸನ್ನರ ಕಡೆ ಒಲಿದವರಾಗಿದ್ದಿರಲೂ ಸಾಕು. ಕಡೆಗೆ ಕೆನಡಿ ಗೆದ್ದದ್ದು ದೇಶದ ಸುಮಾರು 6.8 ಕೋಟಿ ಮತಗಳಲ್ಲಿ ಒಂದು ಲಕ್ಷಕ್ಕಿಂತ ತುಸು ಹೆಚ್ಚಿನ ಅಂತರದಿಂದ. ಇಷ್ಟು ಕೂದಲೆಳೆಯ ಅಂತರವಿದ್ದಾಗ ಯಾವ ಕಾರಣವನ್ನು ಬೇಕಾದರೂ ಗೆಲುವಿನ ಕಾರಣವೆಂದು ಹೇಳಬಹುದು. ದೂರದರ್ಶನವೇ ಗೆಲ್ಲಿಸಿತೆಂಬುದು ಹೇಳಲು ಸುಲಭ, ಸಾಧಿಸಿ ತೋರಿಸಲು ಕಷ್ಟ.

ಅದರ ಮುಂದಿನ ಮೂರು ಚುನಾವಣೆಗಳಲ್ಲಿ ಇಂತಹ ವಾಗ್ವಾದ ನಡೆಯಲೇ ಇಲ್ಲ. ಒಬ್ಬ ಅಭ್ಯರ್ಥಿಗೆ ಕೊಟ್ಟಷ್ಟೇ ಅವಕಾಶವನ್ನು ಉಳಿದೆಲ್ಲ ಅಭ್ಯರ್ಥಿಗಳಿಗೂ ಪ್ರಸಾರ ಕೇಂದ್ರಗಳು ಕೊಡಬೇಕೆಂಬ ನಿಯಮವಿತ್ತು. 1960ರಲ್ಲಿ ಮಾತ್ರ ಅದನ್ನು ಸಡಿಲಿಸಲಾಗಿತ್ತು. ಪದ್ಧತಿ ಮರಳಿದ್ದು 1976ರಲ್ಲಿ. ಆ ವರ್ಷ ಅಧ್ಯಕ್ಷ ಫೋರ್ಡ್ ಅವರು ಪೂರ್ವ ಯುರೋಪಿನ ಮೇಲೆ ಸೋವಿಯತ್ ಪ್ರಾಬಲ್ಯವಿಲ್ಲವೆಂದು ಹೇಳಿ ನಗೆಪಾಟಲಾದರು. ಇಲ್ಲೊಂದು ಸ್ವಾರಸ್ಯವಿದೆ. ಅದೇ ರಾತ್ರಿ ವಿಚಾರಿಸಿದಾಗ ವೀಕ್ಷಕರಲ್ಲಿ ಬಹುಮಂದಿಗೆ ಆ ಮಾತು ಪ್ರಮಾದವೆನಿಸಿರಲಿಲ್ಲ. ಮರುದಿನ ಪತ್ರಿಕೆಗಳೂ ವಾರ್ತೆಗಳೂ ಅದನ್ನೇ ಎತ್ತಿ ಆಡಿದ ಮೇಲೆ ಫೋರ್ಡ್ ಸೋತರೆಂಬ ತೀರ್ಪು ಬಲವಾಯಿತು. ವಾದವನ್ನು ನೋಡಿದ ಕಣ್ಣಿಗಿಂತ ವಾದದ ಬಗೆಗೆ ಆಡಿದ ಬಾಯಿಗಳೇ ಹೆಚ್ಚಿನ ಕೆಲಸ ಮಾಡಿದವು.

ವಾದದಲ್ಲಿ ಗೆದ್ದವರು, ಮತದಲ್ಲಿ ಸೋತವರು

ವಾದದಲ್ಲಿ ಗೆದ್ದವರೆಲ್ಲ ಚುನಾವಣೆಯಲ್ಲೂ ಗೆದ್ದಿದ್ದರೆ ನಮ್ಮ ಪ್ರಶ್ನೆಗೆ ಉತ್ತರ ಸುಲಭವಾಗುತ್ತಿತ್ತು. ಆದರೆ ಇತಿಹಾಸ ಬೇರೆಯದನ್ನೇ ಹೇಳುತ್ತದೆ. 2004ರಲ್ಲಿ ಮೊದಲ ವಾಗ್ವಾದದಲ್ಲಿ ಮೇಲುಗೈ ಜಾನ್ ಕೆರಿ ಅವರದೆಂದು ಸಮೀಕ್ಷೆಗಳು ಸಾರಿದವು. ಚುನಾವಣೆಯಲ್ಲಿ ಗೆದ್ದವರು ಜಾರ್ಜ್ ಬುಷ್. 2012ರಲ್ಲಿ ಡೆನ್ವರ್ ನಗರದ ವಾಗ್ವಾದದಲ್ಲಿ ಮಿಟ್ ರಾಮ್ನಿ ಮಿಂಚಿದರು. ಅಧ್ಯಕ್ಷರಾಗಿ ಮುಂದುವರಿದವರು ಒಬಾಮಾ. 2016ರಲ್ಲಿ ಮೂರೂ ವಾಗ್ವಾದಗಳಲ್ಲಿ ಹಿಲರಿ ಕ್ಲಿಂಟನ್ ಮುಂದಿದ್ದರೆಂದು ವೀಕ್ಷಕರ ಸಮೀಕ್ಷೆಗಳು ಹೇಳಿದವು. ಅಧಿಕಾರ ದೊರೆತದ್ದು ಟ್ರಂಪ್ ಅವರಿಗೆ. 2024ರ ಸೆಪ್ಟೆಂಬರ್ 10ರ ವಾಗ್ವಾದದಲ್ಲಿ ಕಮಲಾ ಹ್ಯಾರಿಸ್ ಅವರ ಕೈ ಮೇಲಾಯಿತೆಂದರೂ ನವೆಂಬರಿನಲ್ಲಿ ಫಲಿತಾಂಶ ಟ್ರಂಪ್ ಅವರ ಪರವಾಯಿತು.

ಬ್ರಿಟನ್ನಿನ ಉದಾಹರಣೆಯೂ ಮನನೀಯವಾಗಿದೆ. ಅಲ್ಲಿ ಪಕ್ಷನಾಯಕರ ಮೊದಲ ದೂರದರ್ಶನ ವಾಗ್ವಾದ ನಡೆದದ್ದು 2010ರ ಏಪ್ರಿಲ್ 15ರಂದು. ಮೂರನೆಯ ಪಕ್ಷವಾದ ಲಿಬರಲ್ ಡೆಮಾಕ್ರಟ್ ನಾಯಕ ನಿಕ್ ಕ್ಲೆಗ್ ಒಂದೇ ಸಂಜೆಯಲ್ಲಿ ಮನೆಮಾತಾದರು. ಸಮೀಕ್ಷೆಗಳಲ್ಲಿ ಅವರ ಪಕ್ಷ ಹಠಾತ್ತನೆ ಮೇಲೇರಿತು. ಮತ ಎಣಿಸಿದಾಗ ಆ ಪಕ್ಷಕ್ಕೆ ದೊರೆತ ಸ್ಥಾನಗಳು 57. ಹಿಂದಿನ 2005ರ ಚುನಾವಣೆಯಲ್ಲಿ ಅವು 62 ಇದ್ದವು! ಮತಪ್ರಮಾಣವೂ ಸರಿಸುಮಾರು ಶೇಕಡ ಒಂದರಷ್ಟು ಮಾತ್ರ ಏರಿತ್ತು. ಬೇಸಿಗೆಯ ಮಳೆ ಧೂಳನ್ನು ಅಡಗಿಸಿತು. ನೆಲದ ಆಳಕ್ಕೆ ಇಳಿಯಲಿಲ್ಲ.

ಅಧ್ಯಯನಗಳು ಕಂಡುಕೊಂಡದ್ದು

ಬಿಡಿ ಬಿಡಿ ಘಟನೆಗಳಿಂದ ಸಿದ್ಧಾಂತ ಕಟ್ಟುವುದು ತರವಲ್ಲವೆಂದು ಯಾರಾದರೂ ಹೇಳಬಹುದು. ಅದಕ್ಕೂ ಉತ್ತರವಿದೆ. ಕ್ಯಾರೊಲಿನ್ ಲ ಪೆನೆಕ್ ಮತ್ತು ವಿನ್ಸೆಂಟ್ ಪಾನ್ಸ್ ಎಂಬ ಇಬ್ಬರು ವಿದ್ವಾಂಸರು 1952ರಿಂದೀಚೆಗೆ ಅಮೆರಿಕ, ಬ್ರಿಟನ್, ಜರ್ಮನಿ, ಕೆನಡಾ ಮೊದಲಾದ ಹತ್ತು ದೇಶಗಳಲ್ಲಿ ನಡೆದ 62 ಚುನಾವಣೆಗಳನ್ನೂ 56 ದೂರದರ್ಶನ ವಾಗ್ವಾದಗಳನ್ನೂ ಅಧ್ಯಯನ ಮಾಡಿದರು. ಚುನಾವಣೆಗೆ ಮುಂಚೆ ಯಾರಿಗೆ ಮತವೆಂದು ಕೇಳಿದವರನ್ನೇ ಚುನಾವಣೆಯ ಅನಂತರವೂ ಕೇಳಿ ದಾಖಲಿಸಿದ ಉತ್ತರಗಳನ್ನು ಅವರು ಹೋಲಿಸಿ ನೋಡಿದರು. ಕಡೆಯ ಎರಡು ತಿಂಗಳುಗಳಲ್ಲಿ ಶೇಕಡ 17ರಿಂದ 29ರಷ್ಟು ಮತದಾರರು ತಮ್ಮ ನಿರ್ಧಾರವನ್ನು ರೂಪಿಸಿಕೊಳ್ಳುತ್ತಾರೆಂದು ತಿಳಿದುಬಂದಿತು. ಅಂದರೆ ಜನರ ಮನಸ್ಸು ಕಲ್ಲಲ್ಲ, ಅದು ಕದಲುತ್ತದೆ. ಆದರೆ ವಾಗ್ವಾದದ ಹಿಂದಿನ ದಿನಗಳಿಗೂ ಮುಂದಿನ ದಿನಗಳಿಗೂ ಹೋಲಿಸಿದಾಗ ಆ ವಾಗ್ವಾದದಿಂದಲೇ ಆಯಿತೆನ್ನಬಹುದಾದ ಬದಲಾವಣೆ ಅವರಿಗೆ ಕಾಣಲಿಲ್ಲ.

ಹಾಗಾದರೆ ಮನಸ್ಸನ್ನು ಕದಲಿಸುವುದು ಯಾವುದು? ಪ್ರಚಾರದ ಉದ್ದಕ್ಕೂ ಪತ್ರಿಕೆಗಳಿಂದ, ಕಾರ್ಯಕರ್ತರಿಂದ, ನೆರೆಹೊರೆಯ ಜನರಿಂದ ಹನಿಹನಿಯಾಗಿ ಬಂದು ಸೇರುವ ಮಾತು ಎಂಬುದು ಆ ವಿದ್ವಾಂಸರ ಅಭಿಪ್ರಾಯ. ಇದು ತೀರ ಹೊಸ ಮಾತೂ ಅಲ್ಲ. ದೂರದರ್ಶನ ಮನೆಮನೆಗೆ ಬರುವ ಮೊದಲೇ, 1940ರ ಚುನಾವಣೆಯ ಸಮಯದಲ್ಲಿ, ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊ ಪ್ರಾಂತದ ಈರಿ ಎಂಬ ಜಿಲ್ಲೆಯ ಮತದಾರರನ್ನು ತಿಂಗಳುಗಟ್ಟಲೆ ಮತ್ತೆಮತ್ತೆ ಸಂದರ್ಶಿಸಿದ್ದರು. ರೇಡಿಯೊ ಮತ್ತು ಪತ್ರಿಕೆಗಳಿಗಿಂತ ಮನೆಯವರ, ಗೆಳೆಯರ, ಊರಿನಲ್ಲಿ ನಂಬಿಕೆ ಗಳಿಸಿದವರ ಮಾತೇ ಹೆಚ್ಚು ನಾಟುತ್ತದೆಂದು ಅವರು ಕಂಡರು. ಕುಟುಂಬವೊಂದರ ಸದಸ್ಯರು ಬಹುಮಟ್ಟಿಗೆ ಒಂದೇ ಕಡೆ ಮತ ನೀಡುವುದನ್ನೂ ಗುರುತಿಸಿದರು.

ವಾಗ್ವಾದ ನಿಷ್ಫಲವಾಗುವುದೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ರಾಜಕೀಯದಲ್ಲಿ ಆಸಕ್ತಿಯಿದ್ದು ಒಂದೂವರೆ ಗಂಟೆ ಕುಳಿತು ನೋಡುವವರಲ್ಲಿ ಬಹುಪಾಲು ಜನ ಮೊದಲೇ ಪಕ್ಷ ಹಿಡಿದವರು. ತಮ್ಮವನು ತಡವರಿಸಿದರೆ ಅದು ವಿನಯ, ಎದುರಾಳಿ ತಡವರಿಸಿದರೆ ಅದು ಅಜ್ಞಾನ! ಇತ್ತಂಡದ ವಾದಗಳೂ ಒಟ್ಟಿಗೇ ಕಿವಿಗೆ ಬೀಳುವುದರಿಂದ ಒಂದು ಇನ್ನೊಂದನ್ನು ಸರಿತೂಗಿಸಿಬಿಡುತ್ತದೆ.

ಹಾಗಾದರೆ ವ್ಯರ್ಥವೇ?

ಹಾಗೆಂದು ಇವುಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. 2024ರ ಜೂನ್ 27ರಂದು ಅಟ್ಲಾಂಟಾದಲ್ಲಿ ಅಧ್ಯಕ್ಷ ಬೈಡನ್ ವಾದದ ನಡುವೆ ತಡವರಿಸಿದ್ದನ್ನು ಕೋಟ್ಯಂತರ ಜನ ಕಂಡರು. ಒಂದು ತಿಂಗಳು ತುಂಬುವುದರೊಳಗೆ, ಜುಲೈ 21ರಂದು, ಅವರು ಸ್ಪರ್ಧೆಯಿಂದಲೇ ಹಿಂದೆ ಸರಿದರು. ಮತದಾರರ ಮನಸ್ಸಿಗಿಂತ ಹೆಚ್ಚಾಗಿ ಅವರ ಪಕ್ಷದ ಹಿರಿಯರ ಮನಸ್ಸನ್ನು ಆ ರಾತ್ರಿ ಬದಲಿಸಿತು. ಅಧಿಕಾರ ಬೇಡುವವನು ಬರೆದುಕೊಟ್ಟ ಭಾಷಣವನ್ನು ಬದಿಗಿಟ್ಟು, ಎದುರಾಳಿಯ ಪ್ರಶ್ನೆಗೆ ಜನಸಮಕ್ಷಮದಲ್ಲಿ ಉತ್ತರಿಸಬೇಕಾಗಿ ಬರುವುದೇ ಪ್ರಜಾಪ್ರಭುತ್ವಕ್ಕೆ ಶೋಭೆ ತರುವ ಸಂಗತಿ. ಅಂದು ಕೊಟ್ಟ ಮಾತನ್ನು ನಾಳೆ ಎತ್ತಿ ತೋರಿಸಿ ಕೇಳಲು ಜನರಿಗೆ ಸಾಧ್ಯವಾಗುತ್ತದೆ.

ಆದರೆ ಇಲ್ಲಿ ನಾವು ಗ್ರಹಿಸಬೇಕಾದ ಮುಖ್ಯ ತಥ್ಯ ಬೇರೊಂದಿದೆ. ಪರದೆಯ ಮೇಲಿನ ವಾಗ್ಮಿಗಿಂತ ಮನೆಯ ಜಗಲಿಯ ಮಾತೇ ಮತವನ್ನು ರೂಪಿಸುವುದಾದರೆ, ನಮ್ಮ ಹೊಣೆ ನಾವು ಎಣಿಸಿದ್ದಕ್ಕಿಂತ ದೊಡ್ಡದು. ಕೈಯಲ್ಲಿನ ಮೊಬೈಲಿಗೆ ಬಂದ ಸುದ್ದಿಯನ್ನು ನಿಜವೋ ಸುಳ್ಳೋ ವಿಚಾರಿಸದೆ ಹತ್ತು ಬಂಧುಗಳಿಗೆ ರವಾನಿಸಿದರೆ, ಯಾವ ದೂರದರ್ಶನ ವಾಗ್ವಾದವೂ ಮಾಡಲಾರದ ಹಾನಿಯನ್ನು ನಾವೇ ಮಾಡಿದಂತಾಗುತ್ತದೆ. ನಂಬಿದವರ ಬಾಯಿಂದ ಬಂದ ಸುಳ್ಳು ಬೇಗ ನಾಟುತ್ತದೆ. ಹಾಗೆಯೇ ನಂಬಿದವರು ಸಮಾಧಾನದಿಂದ ಹೇಳಿದ ಸತ್ಯವೂ ನಾಟುತ್ತದೆ.

ಆದುದರಿಂದ ವಾಗ್ವಾದವನ್ನು ನೋಡೋಣ, ಮನೆಮಂದಿಯೆಲ್ಲ ಕೂಡಿಯೇ ನೋಡೋಣ. ಮುಗಿದ ಕೂಡಲೆ ಗೆದ್ದವರು ಯಾರು ಎಂದು ಕೇಳುವುದನ್ನು ಬಿಟ್ಟು ಬೇರೆ ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಕೇಳಿದ ಪ್ರಶ್ನೆಗೆ ಅವರು ಉತ್ತರ ಕೊಟ್ಟರೇ? ಹಿಂದೆ ಆಡಿದ ನುಡಿಗೂ ನಡೆದ ನಡೆಗೂ ಹೊಂದಿಕೆಯಿದೆಯೇ? ಹೇಳಿದ ಯೋಜನೆಗೆ ಹಣ ಎಲ್ಲಿಂದ ಬರುತ್ತದೆ? ಮನೆಯ ಹೆಣ್ಣುಮಕ್ಕಳ ಅಭಿಪ್ರಾಯವನ್ನು ಕೇಳೋಣ. ಹೊಸದಾಗಿ ಮತದ ಹಕ್ಕು ಪಡೆದ ಮಕ್ಕಳು ಬೇರೆಯದನ್ನು ಹೇಳಿದರೆ ಗದರಿಸದಿರೋಣ.

ನಮ್ಮ ದೇಶದ ಕಾನೂನು ಮತದಾನ ಮುಗಿಯುವ ವೇಳೆಗೆ ಹಿಂದಿನ 48 ಗಂಟೆಗಳಲ್ಲಿ ದೂರದರ್ಶನದ ಮೂಲಕ ಚುನಾವಣಾ ಪ್ರಚಾರ ಮಾಡುವುದನ್ನು ನಿಷೇಧಿಸಿದೆ. ಆ ಮೌನ ಮತದಾರನ ಆಲೋಚನೆಗೆಂದೇ ಮೀಸಲಾದದ್ದು. ಮತವನ್ನು ನಾವು ದಾನವೆಂದು ಕರೆಯುತ್ತೇವೆ. ದಾನವನ್ನು ಪಾತ್ರಾಪಾತ್ರ ವಿವೇಚಿಸಿ ಕೊಡಬೇಕೆಂಬುದು ಹಿರಿಯರ ನಡೆ. ಆ ವಿವೇಚನೆಯನ್ನು ಪರದೆಯ ಮೇಲಿನ ಯಾವ ಮಾತಿನಮಲ್ಲನೂ ನಮ್ಮ ಪರವಾಗಿ ಮಾಡಿಕೊಡಲಾರ. ಅದನ್ನು ನಾವೇ ಮಾಡಬೇಕು.